ಕಾಫಿಯಲ್ಲಿ ಕರಗಿದ್ದು

"ಮೇಷ್ಟ್ರೇ, ಸೊಲ್ಯುಬಲ್ ಅಂದ್ರೇನು?"

ಶಿವಮೂರ್ತಪ್ಪ ಮೇಷ್ಟ್ರು ಸೈಕಲ್ ನಿಲ್ಲಿಸಿ ನಕ್ಕರು. "ಏನಪ್ಪಾ ಈರಭದ್ರ, ಹಿಟ್ಟಿನ ಗಿರಣಿ ಬಿಟ್ಟು ಎಸ್ಸೆಸ್ಸೆಲ್ಸಿ ಕಟ್ಟಿದೀಯೇನೋ? ಕರಗುವಂಥದ್ದು ಅಂತ. ಸಕ್ಕರೆ ನೀರಲ್ಲಿ ಸೊಲ್ಯುಬಲ್. ಮರಳು ಅಲ್ಲ."

ಈರಭದ್ರಪ್ಪ ನಗಲಿಲ್ಲ. ಜೇಬಿನಿಂದ ಮಾತ್ರೆಪಟ್ಟಿ ತೆಗೆದ. ಬೆಳಿಗ್ಗೆ ರಾಗಿ ಡಬ್ಬದ ತಳದಲ್ಲಿ ಸಿಕ್ಕಿದ್ದು. ಹತ್ತು ಬಿಳಿ ಮಾತ್ರೆ, ಜೊತೆಗೊಂದು ಡಾಕ್ಟರ ಇಂಗ್ಲಿಷ್ ಚೀಟಿ. ಅಕ್ಷರ ಕೂಡಿಸಿ ಅವನಿಗೆ ಓದಲಾದದ್ದು ಆ ಒಂದೇ ಪದ. ನಾಲ್ಕು ತಿಂಗಳಿಂದ ಹೆಂಡತಿ ತೀರ್ಥಮ್ಮ ಕಾಫಿ ಕೊಟ್ಟು, ಅವನು ಕುಡಿದು ಮುಗಿಸುವವರೆಗೂ ಎದುರಿಗೇ ನಿಲ್ಲುತ್ತಿದ್ದಳು. ಮದುವೆಯಾದ ಹದಿನಾರು ವರ್ಷದಲ್ಲಿ ಎಂದೂ ಹಾಗೆ ನಿಂತವಳಲ್ಲ.

"ವಿಷಾನಾ?"

ಮೇಷ್ಟ್ರು ಚೀಟಿ ಓದಿದರು. "ಥೂ, ವಿಷ ಅಲ್ಲ ಕಣೋ. ಕುಡಿತ ಬಿಡಿಸೋ ಮಾತ್ರೆ. ದಿನಾ ಒಂದು ಕಾಫೀಲಿ ಹಾಕಿದ್ರೆ ಕುಡಿಯೋ ಆಸೆನೇ ಸತ್ತೋಗುತ್ತಂತೆ. ರುಚೀನೂ ಗೊತ್ತಾಗಲ್ಲ. ಅದರ ಮೇಲೆ ಸಾರಾಯಿ ಬಿದ್ರೆ ಹತ್ತೇ ನಿಮಿಷ, ವಾಂತಿ, ಎದೆ ಡವಡವ. ನಿಂಗ್ಯಾಕೋ ಇದು? ನೀನು ಬಿಟ್ಟಾಯ್ತಲ್ಲ!"

ಬಿಟ್ಟಾಗಿತ್ತು. ಸಂಕ್ರಾಂತಿಯ ದಿನ ಮಠದಲ್ಲಿ, ಕೊರಳಿನ ಲಿಂಗ ಹಿಡಿದು ಆಣೆ ಮಾಡಿದ್ದ. ಮೊದಲ ವಾರ ಕೈ ನಡುಗಿ ತಕ್ಕಡಿ ಹಿಡಿಯಲಾಗಿರಲಿಲ್ಲ. ಆಮೇಲೆ ಆಸೆ ತಾನಾಗಿ ಇಳಿಯಿತು. ಅಜ್ಜಂಪುರದ ಜನ ಅವನನ್ನು ತೋರಿಸಿ ಮಕ್ಕಳಿಗೆ ಬುದ್ಧಿ ಹೇಳುತ್ತಿದ್ದರು. ಬದುಕಿನಲ್ಲಿ ಅವನು ತಾನೇ ಗೆದ್ದದ್ದು ಅದೊಂದು.

ಅದೂ ಅವನದಲ್ಲ. ಮಾತ್ರೆಯದು. ಲಿಂಗ ಹಿಡಿದ ಆಣೆಯನ್ನೂ ಅವಳು ನಂಬಿರಲಿಲ್ಲ. ಇದು ಎಷ್ಟನೆಯ ಪಟ್ಟಿಯೋ!

ಕಾಲು ಸ್ಟೇಷನ್ ಹಿಂದಿನ ಸಾರಾಯಿ ಅಂಗಡಿಗೆ ಒಯ್ದಿತು. "ಏನ್ ಈರಭದ್ರಪ್ನೋರೇ, ದಾರಿ ತಪ್ತಾ?" ಅಂಗಡಿಯ ಕರಿಯಣ್ಣ ಹಲ್ಲು ಬಿಟ್ಟ.

"ಹಾಕು."

ಒಂದೇ ಗುಟುಕಿಗೆ ಲೋಟ ಖಾಲಿ ಮಾಡಿ, ಕಂಬ ಹಿಡಿದು ವಾಂತಿಗೆ ಕಾದ. ಬರಲಿ. ಕಕ್ಕಿದ್ದನ್ನು ಅಂಗಿಯ ಮೇಲೆ ಹೊತ್ತುಕೊಂಡೇ ಅವಳೆದುರು ನಿಲ್ಲಬೇಕು.

ಹತ್ತು ನಿಮಿಷವಾಯಿತು. ಒಂದು ರೈಲು ಬಂದು ಹೋಯಿತು. ಎದೆ ಎಂದಿನಂತೆಯೇ ಬಡಿಯುತ್ತಿತ್ತು. ಇನ್ನೊಂದು ಹಾಕಿಸಿಕೊಂಡ. ಹೊಟ್ಟೆಯಲ್ಲಿ ಅದೇ ಹಳೆಯ ಬಿಸುಪು, ಅಷ್ಟೇ.

"ಇನ್ನೊಂದ್ ಹಾಕ್ಲಾ?" ಎಂದ ಕರಿಯಣ್ಣ.

ಈರಭದ್ರಪ್ಪ ಜೇಬಿನ ಚೀಟಿ ಬಿಡಿಸಿದ. ಇಂಗ್ಲಿಷ್ ಬಾರದಿದ್ದರೂ ತಾರೀಖು ಓದಲು ಬಂತು: ಹದಿಮೂರು, ಒಂದು, ಎಂಬತ್ತಮೂರು. ಅವನು ಆಣೆ ಮಾಡಿದ ಸಂಕ್ರಾಂತಿಯ ಹಿಂದಿನ ದಿನ. ಪಕ್ಕದಲ್ಲಿ ಮಾತ್ರೆಯ ಲೆಕ್ಕವೂ ಇತ್ತು: ಹತ್ತು. ಪಟ್ಟಿಯನ್ನು ಬೆಳಕಿಗೆ ಹಿಡಿದು ಬೆರಳಿಂದ ಎಣಿಸಿದ. ಹತ್ತಕ್ಕೆ ಹತ್ತೂ ಇದ್ದವು.

ನಾಲ್ಕು ತಿಂಗಳಿಂದ ಅವನ ಕಾಫಿಯಲ್ಲಿ ಕರಗಿದ್ದು ಬರೀ ಸಕ್ಕರೆ.