ತುದಿ ಕೊಯ್ದ ಲಿಲ್ಲಿ ಸಸಿ

ಹಸಿ ಎಲೆ ಕೊಯ್ದ ವಾಸನೆಗೆ ಇಂದಿಗೂ ನನಗೆ ಸೋದರತ್ತೆಯ ಲಿಲ್ಲಿ ಸಸಿಗಳೇ ನೆನಪಾಗುತ್ತವೆ. ಬೀಜ ಊರಿ, ತಗಡಿನ ಡಬ್ಬಿಯಲ್ಲಿ ಬೆಳೆಸಿದ್ದಳು. ನಾನು ಚಿಕ್ಕವಳಿದ್ದಾಗ ಒಂದು ಮಧ್ಯಾಹ್ನ ದೊಡ್ಡ ಕುಂಡಕ್ಕೂ ಹಿತ್ತಲಿಗೂ ಹಚ್ಚಲು ಅವನ್ನು ಕಿತ್ತಿಟ್ಟು ನೀರಿಗೆ ಹೋದಳು. ನನ್ನ ಕಣ್ಣಿಗೆ ಅವು ಉಳ್ಳಾಗಡ್ಡಿ ಸಸಿಯಂತೆಯೇ ಕಂಡವು. ಹೊಲದಲ್ಲಿ ನಾಟಿಗೆ ಮೊದಲು ಮಾಡುವಂತೆ, ಎಲ್ಲದರ ತುದಿ ಕುಡುಗೋಲಿನಿಂದ ಅರ್ಧಕ್ಕೆ ಕೊಯ್ದೆ.

ಅತ್ತೆ ಬಂದು ಕೊಡ ಇಳಿಸಿದಳು.

"ಲೇ ಹುಚ್ಚಿ, ಇದು ಉಳ್ಳಾಗಡ್ಡಿ ಅಲ್ಲ. ಇದರ ಹೂವು ನೋಡಾಕ ಎರಡು ವರ್ಷದಿಂದ ಕಾಯಾಕತ್ತೀನಿ."

ಏಟಿಗೆ ಬೆನ್ನು ಕೊಟ್ಟು ನಿಂತೆ. ಅವಳು ಹೊಡೆಯಲಿಲ್ಲ.

"ಬೇರಾದ್ರೂ ಉಳಿಸೀಯಲ್ಲ. ತಾ ಇಲ್ಲೆ."

ಹಚ್ಚಿದೆವು. ದಿನಾ ನೀರು ಹಾಕಿ ಬಗ್ಗಿ ನೋಡುತ್ತಿದ್ದೆ. ವಾರದಲ್ಲಿ ಎಲ್ಲದರಲ್ಲೂ ನಡುವಿನಿಂದ ಹೊಸ ಎಲೆ ಬಂತು. ಒಂದೂ ಸಾಯಲಿಲ್ಲ.

ಮರುವರ್ಷ ಇನ್ನೊಂದು ಡಬ್ಬಿಯ ಲಿಲ್ಲಿ ಸಸಿ ಕಿತ್ತಾಗ ಅತ್ತೆಯೇ ಕುಡುಗೋಲು ನನ್ನ ಮುಂದಿಟ್ಟಳು. "ಕುಂದ್ರು, ಕೊಯ್ಯಿ."