ಮೂವತ್ತು ಹೆಜ್ಜೆ

ನಂದಿತಾ ಟೇಪನ್ನು ಸುತ್ತಿ, ಮತ್ತೆ ಬಿಚ್ಚಿ, ಮೂರನೇ ಸಲ ಅಳೆದಳು. ಖೋ-ಖೋ ಅಂಕಣದ ಎರಡು ಕಂಬಗಳ ನಡುವಿನ ದೂರ ಈ ಸಲವೂ ಅಷ್ಟೇ ಬಂತು. ಇರಬೇಕಾದ್ದಕ್ಕಿಂತ ಮೂರು ಮೀಟರ್ ಹೆಚ್ಚು. ನಿಯಮದ ಪ್ರಕಾರ ಕಂಬ ಬರಬೇಕಾದ ಜಾಗದಲ್ಲಿ ಒಂದು ಗೂಟ ಹೊಡೆದು, ಅದರಾಚೆ ನಿಂತಿದ್ದ ಹಳೆಯ ಕಂಬದ ಕಡೆ ನೋಡಿದಳು. ಹುಡುಗಿಯರ ಅಂಗೈ ತಾಗಿ ತಾಗಿ ಅದು ಸೊಂಟದೆತ್ತರದಲ್ಲಿ ಒನಕೆಯ ನಡುವಿನಂತೆ ನುಣ್ಣಗಾಗಿತ್ತು. ಅದರಲ್ಲಿ ಅವಳ ಅಂಗೈಯ ಪಾಲೂ ಇತ್ತು.

“ಇವತ್ತೇ ಕೀಳಿಸಿಬಿಡಿ,” ಎಂದರು ಹೆಡ್‌ಮಾಸ್ಟರ್ ಸೋಮಶೇಖರ್. “ನಾಡಿದ್ದು ತಾಲ್ಲೂಕು ಕ್ರೀಡಾಕೂಟ. ಮೊದಲನೇ ಸಲ ನಮ್ಮ ಸ್ಕೂಲಿಗೆ ಸಿಕ್ಕಿದೆ. ಬಾವುಟ ಹಾರಿಸೋದು ಮರಿಯಯ್ಯ. ಅವರಿಗೆ ಮಾತ್ರ ಈ ವಿಷಯ ಹೇಳಬೇಡಿ.”

“ಅವರೇ ನೆಟ್ಟ ಕಂಬ ಸಾರ್.”

“ಅದಕ್ಕೇ ಹೇಳ್ತಿರೋದು. ಹದಿಮೂರು ವರ್ಷ ತಪ್ಪು ಅಂಕಣದಲ್ಲಿ ಆಡಿಸಿದೆ ಅಂತ ಗೊತ್ತಾದ್ರೆ, ಈ ವಯಸ್ಸಲ್ಲಿ ಆ ಮನುಷ್ಯನಿಗೆ ಉಳಿಯೋದೇನ್ರೀ?”

ಆಫೀಸಿನ ಗೋಡೆಯ ಮೇಲೆ ಶಾಲೆಯ ದೈಹಿಕ ಶಿಕ್ಷಕರ ಹೆಸರಿನ ಹಲಗೆ ಇತ್ತು. ಮೊದಲನೆಯದು ಗುರುಪ್ರಸಾದ್ ಮೇಷ್ಟ್ರದು. ಕೊನೆಯದು, ಜೂನ್‌ನಲ್ಲಿ ವರ್ಗವಾಗಿ ಬಂದ ನಂದಿತಾಳದು. ಗುರುಪ್ರಸಾದರ ಹೆಸರಿನ ಕೆಳಗೇ ಹದಿಮೂರು ವರ್ಷಗಳ ಎದುರಿಗೆ ‘ಹುದ್ದೆ ಖಾಲಿ’ ಎಂದು ಬರೆದಿತ್ತು. ಕೆಳಗಿನ ಬೀರುವಿನಲ್ಲಿದ್ದ ಹನ್ನೊಂದು ಶೀಲ್ಡುಗಳಲ್ಲಿ ಒಂಬತ್ತು ಆ ಖಾಲಿ ವರ್ಷಗಳವು. ಆಗ ಅಟೆಂಡರ್ ಆಗಿದ್ದ ಮರಿಯಯ್ಯನವರು ಕೊನೆಯ ಬೆಲ್ ಹೊಡೆದು, ಪ್ಯಾಂಟನ್ನು ಮೊಣಕಾಲಿಗೆ ಮಡಿಚಿ, ಹುಡುಗಿಯರನ್ನು ಕತ್ತಲಾಗುವವರೆಗೆ ಓಡಿಸುತ್ತಿದ್ದರು. ಹಾಗೆ ಓಡಿದವರಲ್ಲಿ ನಂದಿತಾಳೂ ಒಬ್ಬಳು. ಆಮೇಲೆ ಬಂದ ಮೇಷ್ಟ್ರುಗಳು ಯಾರೂ ಟೇಪು ಹಿಡಿದಿರಲಿಲ್ಲ.

ಹಾರೆ ಗುದ್ದಲಿ ತರಿಸಿದಳು. ಆದರೆ ಕದ್ದು ಕೀಳುವುದಕ್ಕೆ ಕೈ ಬರಲಿಲ್ಲ. ಸ್ಕೂಟರ್ ಹತ್ತಿ ಹೋಗಿ ಮರಿಯಯ್ಯನವರನ್ನು ಕೂರಿಸಿಕೊಂಡು ಬಂದಳು. ನಾಲೆ ಏರಿಯ ಮೇಲೆ ಒಂದು ಸಲ, ಶಾಲೆಯ ಗೇಟಿನ ಹತ್ತಿರ ಒಂದು ಸಲ ಹೇಳಹೊರಟು ಸುಮ್ಮನೆ ಹಾರನ್ ಹೊಡೆದಳು. ಇಳಿದ ಮುದುಕರು ಟೇಪು ನೋಡಿದರು, ಗೂಟ ನೋಡಿದರು, ಹಾರೆ ನೋಡಿದರು.

“ಏನಮ್ಮೀ ನಂದಿತಾ... ತಡಿ, ಈಗ ಮಿಸ್ಸು ಅನ್ಬೇಕಲ್ವಾ. ಅಳದ್ರಾ ಮಿಸ್ಸು?”

“ಅಳೆದೆ ಮರಿಯಯ್ಯಣ್ಣ. ಅದು... ಸ್ವಲ್ಪ...”

“ಮೂರು ಎಜ್ಜೆ ಜಾಸ್ತಿ ಬಂತಾ?”

ಮರಿಯಯ್ಯನವರು ಕಂಬಕ್ಕೆ ಒರಗಿ ನಕ್ಕರು.

“ಗುರುಪ್ರಸಾದ್ ಮೇಷ್ಟ್ರು ವರ್ಗ ಆಗಿ ಓಗೋವಾಗ ಬಸ್ಸಿನ ಮೆಟ್ಲ ಮ್ಯಾಲೆ ನಿಂತ್ಕಂಡು ಯೋಳುದ್ರು, ‘ಕಂಬದಿಂದ ಕಂಬಕ್ಕೆ ಮೂವತ್ತು ಹೆಜ್ಜೆ ಕಣಯ್ಯಾ, ಮರೀಬೇಡ’ ಅಂತ. ಆ ವರ್ಷದ ಮಳೇಲಿ ಹಳೇ ಕಂಬ ಬಿದ್ದೋಯ್ತು. ನಾನು ಮೂವತ್ತು ಎಣಿಸಿ ಒಸಾದು ನೆಟ್ಟೆ. ಮೇಷ್ಟ್ರು ಕುಳ್ಳು. ನಾನೋ, ಬಾಗ್ಲು ಕಂಡಲ್ಲೆಲ್ಲ ತಲೆ ಬಗ್ಸೋ ಆಸಾಮಿ. ಯಾರ ಎಜ್ಜೆ ಅಂತ ಅವ್ರೂ ಯೋಳ್ನಿಲ್ಲ, ನಾನೂ ಕೇಳ್ನಿಲ್ಲ.”

“ನಿಮಗೆ ಯಾವಾಗ ಗೊತ್ತಾಯ್ತು?”

“ಮೊದಲ್ನೇ ವರ್ಷವೇ. ಕಳಲೇಲಿ ಮ್ಯಾಚು. ಸುಮ್ನೆ ನಡ್ದು ನೋಡುದ್ರೆ ಇಪ್ಪತ್ತೇಳಕ್ಕೇ ಮುಗುದೋಯ್ತು. ಇವ್ರಿಗೆ ಅಳಿಯಾಕೇ ಬರಾಕಿಲ್ಲ ಅಂತ ನಗಾಡ್ದೆ. ಎಮ್ಮರಗಾಲಕ್ಕೆ ಓದೊ, ಅಲ್ಲೂ ಇಪ್ಪತ್ತೇಳು. ಜಿಲ್ಲೆ ಮ್ಯಾಚ್ಗೆ ಬನ್ನೂರ್ಗೆ ಓದೊ, ಅಲ್ಲೂ ಇಪ್ಪತ್ತೇಳು. ಊರೂರೇ ತಪ್ಪು ಮಾಡಾಕಾಯ್ತದಾ? ಬಂದ ಸಂಜೇನೇ ಆರೆ ತಕ್ಕಂಡೆ.”

“ಮತ್ತೆ ಯಾಕೆ ಕೀಳಲಿಲ್ಲ?”

“ನಮ್ಮ ಐಕ್ಳು ಮೂರು ಕಡೇನೂ ಗೆದ್ಕಂಡು ಬಂದಿದ್ವು ಕಣವ್ವಾ. ‘ಅಣ್ಣಾ, ಅವ್ರ ಕಂಬ ನಾವು ಉಸುರು ಬುಡೋಕ್ಮುಂಚೇನೇ ಬಂದ್ಬುಡ್ತದೆ’ ಅಂತ ನಗಾಡ್ತಿದ್ವು. ಆರೆ ತಕ್ಕೋಗಿ ಮೂಲೇಲಿಟ್ಟೆ. ಮೊದಲ್ನೇ ವರ್ಷ ಗೊತ್ತಿಲ್ದೆ ಮಾಡಿದ್ದು. ಮಿಕ್ಕ ಅನ್ನೆರಡು ವರ್ಷ ಬೇಕಂತ್ಲೇ ಮಾಡ್ದೆ.”

ನಂದಿತಾಳಿಗೆ ತನ್ನ ಮೊದಲ ಪಂದ್ಯ ನೆನಪಾಯಿತು. ಅಟ್ಟಿಸಿಕೊಂಡು ಬಂದ ಎತ್ತರದ ಹುಡುಗಿಯಿಂದ ತಪ್ಪಿಸಿಕೊಂಡು ಓಡುವಾಗ, ಇನ್ನೂ ದೂರವಿದೆ ಎಂದುಕೊಂಡಿದ್ದ ಕಂಬ ಥಟ್ಟನೆ ಅಂಗೈಗೆ ಬಡಿದಿತ್ತು. ಇಷ್ಟು ವರ್ಷ ತಾನು ಹುಟ್ಟಾ ಓಟಗಾರ್ತಿ ಎಂದೇ ನಂಬಿದ್ದಳು. ನಾಚಿಕೆಯೂ ಆಯಿತು, ಅದನ್ನು ಮೀರಿ ನಗುವೂ ಬಂತು.

“ಎಲ್ಲಿ, ನೋಡೇ ಬುಡಾಣ,” ಎಂದು ಮರಿಯಯ್ಯನವರು ಆಚೆ ತುದಿಯ ಕಂಬಕ್ಕೆ ಹೋದರು. ಅದಕ್ಕೆ ಬೆನ್ನು ತಾಗಿಸಿ ನಿಂತು, ಕೋಲೂರಿಕೊಂಡು, ಹಿಂದೆ ಬೆಲ್ಲಿನ ಏಟು ಎಣಿಸುತ್ತಿದ್ದಷ್ಟೇ ನಿಧಾನವಾಗಿ ಎಣಿಸುತ್ತ ನಡೆದು ಬಂದರು. ವರಾಂಡದಲ್ಲಿದ್ದ ಹೆಡ್‌ಮಾಸ್ಟರು ಏನಾಯಿತೋ ಎಂದು ಮೆಟ್ಟಿಲಿಳಿದು ಬಂದು ನಿಂತರು. ಇಪ್ಪತ್ತೆಂಟು, ಇಪ್ಪತ್ತೊಂಬತ್ತು, ಮೂವತ್ತು. ಎಕ್ಕಡದ ತುದಿ ನಂದಿತಾಳ ಗೂಟಕ್ಕೆ ಸರಿಯಾಗಿ ತಾಗಿ ನಿಂತಿತು.

ಮರಿಯಯ್ಯನವರು ಗೂಟವನ್ನು ನೋಡಿದರು. ಮೂರು ಮೀಟರ್ ಆಚೆ ನಿಂತಿದ್ದ ತಮ್ಮ ಕಂಬವನ್ನು ನೋಡಿದರು.

“ನೋಡವ್ವಾ, ಮೇಷ್ಟ್ರ ಎಜ್ಜೆ ಈಗ ಬಂತು ನಂಗೆ,” ಎಂದರು. “ಕಂಬ ಕಿತ್ತು ಇಲ್ಗೇ ನೆಡು. ಆದ್ರೆ ಆ ಗುಂಡಿ ಮುಚ್ಬ್ಯಾಡ, ಮ್ಯಾಲೊಂದು ಚಪ್ಪಡಿ ಎಳಿ. ಕೂಟ ಮುಗುದ ಮಾರನೇ ದಿನಕ್ಕೆ ಬೇಕಾಯ್ತದೆ.”