ಭಾವನ ಹಗ್ಗ

ಹೆಜ್ಜೇನು ಕೊಯ್ಯಲು ಬಂಡೆ ಇಳಿಯುವವನ ಹಗ್ಗವನ್ನು ಅವನ ಹೆಂಡತಿಯ ತಮ್ಮನೇ ಹಿಡಿಯಬೇಕು. ಅಕ್ಕ ವಿಧವೆಯಾಗಲು ಅವನು ಬಿಡಲಾರ. ಹಾಗಾಗಿ ಬೊಳ್ಳ ಹಿಡಿದಿದ್ದ. ಕೆಳಗೆ ತೂಗುತ್ತಿದ್ದದ್ದು ಭಾವ ಕಾಳನ ಮೈ. ಒಳಗಿದ್ದವನು ಅದನ್ನು ಆ ಬೆಳಗಿನ ಮಟ್ಟಿಗೆ ಬಾಡಿಗೆಗೆ ಪಡೆದ ಪ್ರವಾಸಿ.

ಮೇಲೆ ಬಂದ ಪ್ರವಾಸಿ, "ಅದ್ಭುತ ಅನುಭವ," ಎಂದು ಕಾಳನ ಬಾಯಲ್ಲೇ ಹೇಳಿ, ಕತ್ತಿನ ಹಿಂದಿನ ಗುಂಡಿ ಒತ್ತಿ ಆ ಮೈ ಬಿಟ್ಟು ಹೊರಟುಹೋದ. ಮೈ ಕುಸಿದು ಕೂತಿತು.

ಭಾವ ತನ್ನ ಮೈಗೆ ಮರಳುವುದು ದಿನದಿನಕ್ಕೂ ತಡವಾಗುತ್ತಿತ್ತು. ಮರಳಿದರೆ, "ಹಗ್ಗ ಬಿಟ್ಟಿದ್ರೆ ನಿಮ್ಮಕ್ಕ ನಿನ್ ಮನೇಗೇ ಬರ್ತಿದ್ಲು ಕಣೋ," ಎಂದು ರೇಗಿಸುತ್ತಿದ್ದ. ಬೊಳ್ಳ ಕಾದ.

ಕಾಳನ ಕಣ್ಣು ತೆರೆದವು.

"ಭಾವ?"

"ಧನ್ಯವಾದ," ಎಂದಿತು ಬಾಯಿ. "ನೀವು ಚೆನ್ನಾಗಿ ಹಿಡಿದಿರಿ." ಭಾವ ಎಂದೂ ಬೊಳ್ಳನಿಗೆ 'ನೀವು' ಅಂದವನಲ್ಲ.

ಬೊಳ್ಳ ಆ ಸೊಂಟದ ಗಂಟು ಬಿಚ್ಚಲಿಲ್ಲ. ಹಗ್ಗದ ತುದಿಯನ್ನು ಕೈಗೆ ಇನ್ನೊಂದು ಸುತ್ತು ಸುತ್ತಿಕೊಂಡು ಎದುರಿಗೆ ಕೂತ.